ಬಾಲ ಕಳೆದುಕೊಂಡ ಮಾತು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಎಣಿಕೆಯಕ್ಕ ಎಂದೇ ಕರೆಯುತ್ತಿದ್ದರು. ಇನ್ನೇನು ತಾನೇ ಮಾಡುತ್ತಾರೆ? ಮೂವತ್ತೇಳು ವರ್ಷದ ಹೆಂಗಸು ಕೈಯಲ್ಲೊಂದು ಫೋನು ಹಿಡಿದು, ದೊಡ್ಡ ದೊಡ್ಡ ಕಟ್ಟಡಗಳ ಬಾಗಿಲಲ್ಲಿ ಒಳಗಿಂದ ಹೊರಗೆ, ಹೊರಗಿಂದ ಒಳಗೆ ದಿನವಿಡೀ ಓಡಾಡುತ್ತ, "ಹದಿನಾರು, ಹದಿನೇಳು, ಹದಿನೆಂಟು" ಎಂದು ಗಟ್ಟಿಯಾಗಿ ಎಣಿಸುತ್ತಿದ್ದರೆ ನೋಡಿದವರು ಒಂದೋ ಹೆಸರಿಡಬೇಕು, ಇಲ್ಲವೇ ದಾರಿ ಬಿಡಬೇಕು. ಜನ ಎರಡನ್ನೂ ಮಾಡುತ್ತಿದ್ದರು.

ಅದು ಅವಳ ಕೆಲಸ. ಕಟ್ಟಡದ ಒಳಗಿರುವಾಗ ಫೋನು ಅಲ್ಲಿನ ವೈಫೈ ಹಿಡಿದುಕೊಂಡಿರುತ್ತದೆ. ಹೊರಗೆ ಬಂದರೆ ಅದನ್ನು ಬಿಟ್ಟು ಟವರಿನ ನೆಟ್‌ವರ್ಕ್ ಹಿಡಿಯಬೇಕು. ಮಾತಾಡುತ್ತಿರುವವರಿಗೆ ಇದು ಗೊತ್ತೇ ಆಗಬಾರದು. ಆದರೆ ಫೋನುಗಳದ್ದು ನೆಂಟರ ಸ್ವಭಾವ. ಹೊರಟೆ, ಹೊರಟೆ ಎನ್ನುತ್ತ ಹೊಸ್ತಿಲಲ್ಲೇ ಅರ್ಧ ಗಂಟೆ ನಿಲ್ಲುತ್ತವೆ. ಒಳಗಿನ ವೈಫೈ ಕೂದಲೆಳೆಯಷ್ಟು ಉಳಿದಿದ್ದರೂ ಅದಕ್ಕೇ ಜೋತುಬಿದ್ದಿರುತ್ತವೆ. ಹೊಸದನ್ನು ಗಟ್ಟಿಯಾಗಿ ಹಿಡಿದ ಮೇಲೆ ಹಳೆಯದನ್ನು ಬಿಡು ಎಂದು ಅವಕ್ಕೆ ಕಲಿಸಬೇಕು. ಕಲಿಯದಿದ್ದರೆ ನಡುವೆ ಒಂದೆರಡು ಕ್ಷಣ ಇತ್ತ ಇದೂ ಇಲ್ಲ, ಅತ್ತ ಅದೂ ಇಲ್ಲ. ಆ ಸಂದಿಯಲ್ಲಿ ಆಡಿದ ಮಾತು ಯಾರ ಕಿವಿಗೂ ಬೀಳದೆ ಗಾಳಿಯ ಪಾಲಾಗುತ್ತದೆ.

ಎಣಿಸುವವಳಿದ್ದ ಮೇಲೆ ಕೇಳುವವರೂ ಬೇಕಲ್ಲ. ಆಫೀಸಿನ ಮೂಲೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತು, ಕೇಳಿಸಿದ್ದನ್ನು ಕೇಳಿಸಿದ ಹಾಗೆಯೇ ಹಾಳೆಯಲ್ಲಿ ಬರೆದುಕೊಳ್ಳುತ್ತಿದ್ದವರು ಕಿವಿಯಣ್ಣ. ಹದಿನೇಳು ಕೇಳಿಸಿ ಆಮೇಲೆ ನೇರವಾಗಿ ಇಪ್ಪತ್ತು ಬಂದರೆ, ನಡುವಿನ ಎರಡು ಸಂಖ್ಯೆಗಳ ಜಾಗದಲ್ಲಿ ಸೊನ್ನೆ ಸುತ್ತುತ್ತಿದ್ದರು. ಸೊನ್ನೆ ಬಿದ್ದ ಬಾಗಿಲು ನಪಾಸು. ಇದನ್ನೆಲ್ಲ ಯಂತ್ರವೂ ಅಳೆಯುತ್ತದೆ, ಅಳೆದು ಚಂದದ ಗೆರೆಯನ್ನೂ ಎಳೆದು ಕೊಡುತ್ತದೆ. ಆದರೆ ಕಿವಿಯಣ್ಣನಿಗೆ ಯಂತ್ರದ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. "ಯಂತ್ರ ಎಲ್ಲ ಚೆನ್ನಾಗಿದೆ ಅನ್ನುತ್ತೆ. ಅಲ್ಲಿ ಜನ ಹಲೋ ಹಲೋ ಅಂತ ಬಾಯಿ ಬಡ್ಕೋತಿರ್ತಾರೆ" ಎನ್ನುತ್ತಿದ್ದರು.

ಅವರದ್ದೊಂದು ಸಿದ್ಧಾಂತವೂ ಇತ್ತು. ನಮ್ಮ ಮಾತಿನ ಜೀವವೆಲ್ಲ ಬಾಲದಲ್ಲಿದೆಯಂತೆ. "ನೋಡಮ್ಮ, ಕಿಟಕಿ ಹಾಕ್ಬೇ ಅನ್ನೋವರೆಗೂ ಕೇಳಿಸ್ತು ಅಂತಿಟ್ಕೋ. ಹಾಕ್ಬೇಕೋ, ಹಾಕ್ಬೇಡವೋ? ಬಾಲ ಹೋದ್ರೆ ಮನುಷ್ಯ ಕಿಟಕಿ ಹತ್ರ ಕೈಯೆತ್ತಿಕೊಂಡು ಸುಮ್ನೆ ನಿಂತಿರ್ಬೇಕು." ಎಣಿಕೆಯಕ್ಕ ಇದನ್ನು ಕೇಳಿ ಕೇಳಿ ನಕ್ಕು ಸಾಕಾಗಿ, ಕೊನೆಗೆ ನಂಬಿಯೂ ಬಿಟ್ಟಿದ್ದಳು.

ಬರೀ ಸಂಖ್ಯೆ ಸಾಲದು, ಮನುಷ್ಯರು ಆಡುವ ಮಾತೂ ಬೇಕು ಎಂದು ಅವಳು ತನ್ನ ಸ್ವಂತ ಸಿಮ್ಮನ್ನೇ ಪರೀಕ್ಷೆಯ ಫೋನಿಗೆ ಹಾಕಿಕೊಂಡಿದ್ದಳು. ಆ ಫೋನಿನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತಿತ್ತು. ಅಮ್ಮನ ಕರೆಗಿಂತ ಒಳ್ಳೆಯ ಪರೀಕ್ಷೆ ಸಿಗುವುದಾದರೂ ಎಲ್ಲಿ? ಉಸಿರು ತೆಗೆದುಕೊಳ್ಳಲೂ ನಿಲ್ಲದೆ ಇಪ್ಪತ್ತು ನಿಮಿಷ ಮಾತಾಡುವ ಹೆಂಗಸು. ರೆಕಾರ್ಡ್ ಆಗುವುದು ಅಮ್ಮನಿಗೂ ಗೊತ್ತಿತ್ತು.

"ಹಂಗಾದ್ರೆ ನಿಮ್ಮ ಕಿವಿಯಣ್ಣಂಗೆ ನನ್ನ ಸೊಂಟ ನೋವಿನ ವಿಷಯ ಎಲ್ಲ ಗೊತ್ತು ಅನ್ನು."

"ಬಿಸಿನೀರಿನ ಚೀಲ ಇಟ್ಕೊಳ್ಳೋಕೆ ಹೇಳಿದಾರೆ ಅಮ್ಮ."

ತಾಯಿ ಮಗಳು ಇರುತ್ತಿದ್ದುದು ಒಂದೇ ಮನೆಯಲ್ಲಿ. ಕೆಳಗೆ ಅಮ್ಮನ ಅಂಗಡಿ: ಪ್ಯಾಂಟು ಗಿಡ್ಡ ಮಾಡುವುದು, ಕೋಟು ಸಡಿಲ ಮಾಡುವುದು, ಜಿಪ್ಪು ಬದಲಾಯಿಸುವುದು, ತೇಪೆ ಹಾಕುವುದು. ಅಂಗಡಿಯ ಪಕ್ಕದಿಂದ ಹದಿನೆಂಟು ಮೆಟ್ಟಿಲು ಹತ್ತಿದರೆ ಎರಡು ಕೋಣೆಯ ಮನೆ. ಅಪ್ಪ ತೀರಿಕೊಂಡು ಹನ್ನೊಂದು ವರ್ಷವಾಗಿತ್ತು. ಮಗಳ ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ತಾನಾಗಿಯೇ ಎದ್ದು ಹೋಗಿತ್ತು. ಇಬ್ಬರೂ ಒಬ್ಬರಿಗೊಬ್ಬರು ಹೊಂದಿಕೊಂಡುಬಿಟ್ಟಿದ್ದರು.

ಒಂದು ವಿಚಿತ್ರವೆಂದರೆ, ಎದುರೆದುರು ಕೂತಾಗ ಅವರು ಬೀಗದಕೈ, ಬಲ್ಬು, ಸೋರುವ ನಲ್ಲಿ ಬಿಟ್ಟು ಬೇರೇನೂ ಮಾತಾಡುತ್ತಿರಲಿಲ್ಲ. ಮನಸ್ಸಿನ ಮಾತೇನಿದ್ದರೂ ಫೋನಿನಲ್ಲೇ ಆಗಬೇಕು. ಒಮ್ಮೆ ಬೆಳಿಗ್ಗೆ ಮಗಳ ಮೇಲೆ ಸುಮ್ಮಸುಮ್ಮನೆ ರೇಗಿದ್ದ ಅಮ್ಮ, ಅಂಗಡಿಯಿಂದ ಮೇಲಿನ ಮನೆಗೆ ಫೋನು ಮಾಡಿ ತಪ್ಪಾಯ್ತು ಕಣೇ ಎಂದಿದ್ದಳು. ಹದಿನೆಂಟು ಮೆಟ್ಟಿಲು ಹತ್ತುವುದು ಅವಳಿಗೆ ಕಷ್ಟವಿರಲಿಲ್ಲ. ಹತ್ತಿ ಬಂದು ಮುಖ ನೋಡುವುದು ಕಷ್ಟವಿತ್ತು.

ಇಂಥ ಮನೆಯೊಳಗೆ ಲಿಫ್ಟಿನವರ ಸುದ್ದಿ ಬಂತು.

ಲಿಫ್ಟಿನವರೆಂದರೆ ಲಿಫ್ಟು ರಿಪೇರಿ ಮಾಡುವವರು. ಅರವತ್ತನಾಲ್ಕು ವರ್ಷ, ಹೆಂಡತಿ ಇಲ್ಲ, ಮಕ್ಕಳಿಲ್ಲ, ಮನೆ ಎರಡು ಬೀದಿ ಆಚೆ. ಲಿಫ್ಟಿನ ಗುಂಡಿಯಲ್ಲಿ ಮಂಡಿಯೂರಿ ಕೆಲಸ ಮಾಡಿ ಪ್ಯಾಂಟಿನ ಮೊಣಕಾಲು ಸವೆಯುತ್ತದೆ ಎಂದು ತೇಪೆ ಹಾಕಿಸಲು ಬರುತ್ತಿದ್ದರು. ಮೊದಮೊದಲು ತಿಂಗಳಿಗೊಮ್ಮೆ ಸವೆಯುತ್ತಿದ್ದ ಮೊಣಕಾಲು ಬರಬರುತ್ತ ವಾರಕ್ಕೊಮ್ಮೆ, ಆಮೇಲೆ ವಾರಕ್ಕೆರಡು ಸಲ ಸವೆಯತೊಡಗಿತು. "ಒಬ್ಬ ಮನುಷ್ಯಂಗೆ ಎಷ್ಟು ಮೊಣಕಾಲು ಇರುತ್ತೆ ಅಮ್ಮ?" ಎಂದು ಮಗಳು ಒಮ್ಮೆ ಕೇಳಿದ್ದಳು. ಅಮ್ಮ ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋಗಿ ಕೇಳಿಸಲಿಲ್ಲ ಎಂಬಂತೆ ಕೂತಳು. ದಾರ ಆಗಲೇ ಸೂಜಿಯಲ್ಲಿತ್ತು.

ಮಂಗಳವಾರ ಬೆಳಿಗ್ಗೆ ಹನ್ನೊಂದೂವರೆಗೆ ಅಮ್ಮನ ಫೋನು ಬಂತು. ಎಣಿಕೆಯಕ್ಕ ಆಗ ಒಂದು ದೊಡ್ಡ ಮಾರಾಟ ಮಳಿಗೆಯಲ್ಲಿದ್ದಳು. ಕಳೆದ ವಾರವಷ್ಟೇ ಅಲ್ಲಿನ ಐದೂ ಬಾಗಿಲುಗಳನ್ನು ಸರಿಪಡಿಸಿ, ಪರೀಕ್ಷೆ ಮಾಡಿ, ಪಾಸು ಎಂದು ತಾನೇ ಸಹಿ ಹಾಕಿದ್ದಳು. ಈಗ ಉಳಿದ ಸಾಮಾನು ಎತ್ತಿಕೊಂಡು ಹೊರಡುವುದಷ್ಟೇ ಬಾಕಿ. ಸರಕು ಇಳಿಸುವ ಹಿಂದಿನ ಬಾಗಿಲಿನ ಕಡೆ ನಡೆಯುತ್ತ ಫೋನು ಕಿವಿಗಿಟ್ಟುಕೊಂಡಳು.

ಅಮ್ಮ ನಲ್ಲಿಯಿಂದ ಶುರುಮಾಡಿದಳು. ನಲ್ಲಿಯಿಂದ ಬಲ್ಬಿಗೆ ಬಂದಳು. ಬಲ್ಬಿನಿಂದ ಒಂದೇ ನೆಗೆತಕ್ಕೆ, "ಲಿಫ್ಟಿನವರು ಮದುವೆ ಆಗೋಣ ಅಂತ ಕೇಳಿದ್ರು ಕಣೇ" ಎಂದಳು.

ಎಣಿಕೆಯಕ್ಕ ನಡೆಯುತ್ತಲೇ ಇದ್ದಳು. ಕಾಲಿಗೆ ಆ ಅಭ್ಯಾಸವಿತ್ತು.

"ನಾನಿನ್ನೂ ಏನೂ ಹೇಳಿಲ್ಲ" ಎಂದಳು ಅಮ್ಮ. "ನಿನ್ನ ಕೇಳಿ ಹೇಳ್ತೀನಿ ಅಂದಿದೀನಿ. ಆದ್ರೆ ನಾನು ಅವರ ಮನೆಗೆ ಹೋಗಿರ್ಬೇಕಾಗುತ್ತೆ. ಅಂಗಡಿ ಇಲ್ಲೇ ಇರುತ್ತೆ, ಹಗಲೆಲ್ಲ ಇಲ್ಲೇ ಇರ್ತೀನಿ. ನೀನು ಏನಂತೀಯ?"

"ನಾನೇನು ಅನ್ನೋದು. ನಂಗೆ ಅಭ್ಯಂತರ ಇ"

ಅಷ್ಟರಲ್ಲಿ ಹಿಂದಿನ ಬಾಗಿಲು ಬಂತು. ದಾಟಿದಳು. ಹೊರಗಿನ ಬಿಸಿಲು ಕಣ್ಣಿಗೆ ಹೊಡೆಯಿತು. ಮೂರು ಹೆಜ್ಜೆ, ನಾಲ್ಕು ಹೆಜ್ಜೆ. ಆ ಕಡೆಯಿಂದ ಮಾತಿಲ್ಲ.

"ಅಮ್ಮಾ? ಕಟ್ ಆಯ್ತಾ?"

"ಹೂಂ, ಕಟ್ ಆಯ್ತು ಅನ್ಸುತ್ತೆ" ಎಂದಳು ಅಮ್ಮ. "ಇಡ್ತೀನಿ, ಯಾರೋ ಬಂದ್ರು."

ಅಂದು ಸಂಜೆ ಮನೆಯಲ್ಲಿ ಇಬ್ಬರೂ ನಲ್ಲಿಯ ವಿಷಯ ಮಾತಾಡಿದರು. ಬುಧವಾರ ಬಲ್ಬು. ಹೇಳುವುದನ್ನು ಹೇಳಿ ಆಗಿದೆ, ಇನ್ನು ಅವರಿಬ್ಬರ ವಿಚಾರ ಎಂದು ಎಣಿಕೆಯಕ್ಕ ನಿಶ್ಚಿಂತೆಯಿಂದಿದ್ದಳು. ನಿಶ್ಚಿಂತೆಯಿಂದಿದ್ದೇನೆ ಎಂದುಕೊಂಡಿದ್ದಳು ಎನ್ನುವುದೇ ಸರಿ. ಏಕೆಂದರೆ ಆ ಎರಡು ದಿನದಲ್ಲಿ ಅವಳು ಸಾಬೂನನ್ನು ಫ್ರಿಜ್ಜಿನಲ್ಲಿಟ್ಟಿದ್ದಳು.

ಶುಕ್ರವಾರ ಸಂಜೆ ಅಂಗಡಿ ಮುಚ್ಚಲು ಕೈಜೋಡಿಸುವಾಗ, ತೇಪೆ ಹಾಕಿ ಇಸ್ತ್ರಿ ಮಾಡಿದ ಪ್ಯಾಂಟೊಂದು ಮೊಳೆಗೆ ನೇತುಹಾಕಿದ್ದು ಕಣ್ಣಿಗೆ ಬಿತ್ತು. ವಾರದ ಶುರುವಿನಿಂದಲೂ ಅದು ಅಲ್ಲೇ ಇತ್ತು.

"ಲಿಫ್ಟಿನವರು ತಗೊಂಡು ಹೋಗ್ಲಿಲ್ವಾ?"

"ಬಂದಿದ್ರು. ಮರ್ತು ಹೋದ್ರು."

"ಪ್ಯಾಂಟಿಗೆ ಅಂತ ಬಂದು ಪ್ಯಾಂಟು ಮರೀತಾರಾ?"

ಅಮ್ಮ ಕತ್ತರಿಗಳನ್ನು ಡಬ್ಬದಲ್ಲಿಡುತ್ತ, "ಆಗಲ್ಲ ಅಂತ ಹೇಳ್ದೆ. ಸರಿ ಅಂದು ಹೋದ್ರು" ಎಂದಳು. "ನೀನು ಅಭ್ಯಂತರ ಇದೆ ಅಂದ್ಯಲ್ಲ."

ಎಣಿಕೆಯಕ್ಕ ಕೈಯಲ್ಲಿದ್ದುದನ್ನು ಬಿಟ್ಟು ತಿರುಗಿದಳು. "ನಾನೆಲ್ಲಿ ಇದೆ ಅಂದೆ? ಇಲ್ಲ ಅಂದೆ ಅಮ್ಮ, ಅಭ್ಯಂತರ ಇಲ್ಲ. ಅಷ್ಟರಲ್ಲಿ ಬಾಗಿಲು ಬಂತು, ಬಾಲ ನೆಟ್‌ವರ್ಕ್ ತಿಂತು."

"ತಿಂದಿರ್ಬೇಕು."

"ಮತ್ತೆ ಇದೆ ಅಂತ ನೀನು ಹೆಂಗೆ ತಿಳ್ಕೊಂಡೆ?"

"ಬಾಲ ಹೋದ್ರೇನು, ತಲೆ ಕೇಳಿಸ್ತಲ್ಲ" ಎಂದಳು ಅಮ್ಮ. "ಅಭ್ಯಂತರ ಇಲ್ದೋರು ಹೇಗಂತಾರೆ? ನಂಗೇನೂ ಅಭ್ಯಂತರ ಇಲ್ಲ ಅಂತಾರೆ. ನೀನು ಏನೂ ಅಂತ ಹಾಕ್ಲೇ ಇಲ್ಲ. ಬರೀ ನಂಗೆ ಅಭ್ಯಂತರ ಅಂದೆ. ಅಲ್ಲೇ ಗೊತ್ತಾಯ್ತು ನಂಗೆ."

ನಲವತ್ತು ವರ್ಷ ಹೊಲಿಗೆ ಬಿಚ್ಚಿದವರ ಕಣ್ಣು ಅದು. ಬಟ್ಟೆಯಾದರೇನು, ವಾಕ್ಯವಾದರೇನು, ಎಲ್ಲಿ ಒಂದು ಹೊಲಿಗೆ ಬಿಟ್ಟುಹೋಗಿದೆ ಎಂದು ದೂರದಿಂದಲೇ ಕಾಣುತ್ತದೆ. ಎಣಿಕೆಯಕ್ಕ ಬಿಡಲಿಲ್ಲ. ಅವಸರದಲ್ಲಿ ಜನ ಹಾಗೂ ಅನ್ನುತ್ತಾರೆ ಎಂದು ವಾದಿಸಿದಳು. ಅಮ್ಮ ಶಟರ್ ಎಳೆದು, "ಬಿಡು, ಆಯ್ತಲ್ಲ" ಎಂದು ಮೆಟ್ಟಿಲು ಹತ್ತಿದಳು. ಆ ಹದಿನೆಂಟು ಮೆಟ್ಟಿಲನ್ನು ಅಮ್ಮ ಅಷ್ಟು ನಿಧಾನವಾಗಿ ಹತ್ತಿದ್ದನ್ನು ಮಗಳು ಹಿಂದೆಂದೂ ನೋಡಿರಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಅವಳು ರಜೆಯಿದ್ದರೂ ಮಳಿಗೆಗೆ ಹೋದಳು. ನೆಟ್‌ವರ್ಕಿನ ತಪ್ಪನ್ನು ಸಾಬೀತು ಮಾಡಿ, ಅದನ್ನು ಅಮ್ಮನ ಮುಂದಿಟ್ಟು, ಅಮ್ಮನನ್ನು ಲಿಫ್ಟಿನವರ ಮುಂದೆ ನಿಲ್ಲಿಸುವುದು ಅವಳ ಯೋಜನೆ. ಬಾಗಿಲು ನಪಾಸಾದರೆ ತನ್ನ ಸಹಿಯ ಮರ್ಯಾದೆಯೂ ಹೋಗುತ್ತದೆ; ಹೋಗಲಿ ಎಂದುಕೊಂಡಳು. ಕಿವಿಯಣ್ಣನಿಗೆ ಫೋನು ಮಾಡಿ, "ಅಣ್ಣ, ಹಿಂದಿನ ಬಾಗಿಲು. ಇವತ್ತು ಸಂಖ್ಯೆ ಬೇಡ, ಒಂದು ವಾಕ್ಯ ಹೇಳ್ತೀನಿ, ಕೇಳಿಸಿದಷ್ಟು ಬರ್ಕೊಳ್ಳಿ" ಎಂದಳು. ಕಿವಿಯಣ್ಣನೂ ರಜೆಯಲ್ಲೇ ಇದ್ದರು. ಆದರೂ ಯಾಕೆ ಎಂದು ಕೇಳದೆ ಆಫೀಸಿಗೆ ಹೋಗಿ ಹೆಡ್‌ಫೋನ್ ಹಾಕಿಕೊಂಡರು.

"ನಂಗೆ ಅಭ್ಯಂತರ ಇಲ್ಲ" ಎನ್ನುತ್ತ ಎಣಿಕೆಯಕ್ಕ ಬಾಗಿಲು ದಾಟಿದಳು. ಹಿಂದೆ ಹೋಗಿ ಮತ್ತೆ, "ನಂಗೆ ಅಭ್ಯಂತರ ಇಲ್ಲ." ನಿಧಾನವಾಗಿ ಒಮ್ಮೆ, ಬಿರುಸಾಗಿ ಒಮ್ಮೆ, ಫೋನನ್ನು ಎಡಗಿವಿಗೆ ಬದಲಾಯಿಸಿ ಒಮ್ಮೆ. ಆರನೆಯ ಸಲಕ್ಕೆ ಬಾಗಿಲ ಕಾವಲುಗಾರ ಕುರ್ಚಿಯಿಂದ ಎದ್ದು ನಿಂತ. ಒಂಬತ್ತನೆಯ ಸಲಕ್ಕೆ ಟೋಪಿ ತೆಗೆದು, "ನಂಗೂ ಏನೂ ಅಭ್ಯಂತರ ಇಲ್ಲಮ್ಮ. ನೀವು ಆರಾಮಾಗಿ ಹೋಗಿ" ಎಂದ.

ನೋಡಿ, ಅವನೂ ಏನೂ ಅಂತ ಹಾಕಿದ. ಎಣಿಕೆಯಕ್ಕನಿಗೆ ಮೈ ಉರಿಯಿತು.

ಹದಿನಾಲ್ಕನೆಯ ಸಲ ದಾಟಿ ಏದುಸಿರು ಬಿಡುತ್ತ, "ಎಷ್ಟು ಸೊನ್ನೆ ಅಣ್ಣ?" ಎಂದು ಕೇಳಿದಳು.

"ಒಂದೂ ಇಲ್ಲಮ್ಮ. ಹದಿನಾಲ್ಕಕ್ಕೆ ಹದಿನಾಲ್ಕು. ಬಾಲದ ಸಮೇತ."

"ಮಂಗಳವಾರ ಏನೋ ಆಗಿತ್ತು. ಮಾತಿನ ಮಧ್ಯೆ ಕಟ್ ಆಯ್ತು."

"ಮಂಗಳವಾರದ್ದು ರೆಕಾರ್ಡ್ ಇರುತ್ತಲ್ಲ, ಕೇಳೋಣ ಇರು" ಎಂದರು ಕಿವಿಯಣ್ಣ. ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಕೇಳಿಸಿತು. ಆಮೇಲೆ ಅದೂ ನಿಂತಿತು. ಕಿವಿಯಣ್ಣ ಗಂಟಲು ಸರಿಮಾಡಿಕೊಂಡರು. ಅವರು ಗಂಟಲು ಸರಿಮಾಡಿಕೊಳ್ಳುವವರಲ್ಲ.

"ಯಂತ್ರ ಎಳೆದಿರೋ ಗೆರೆ ನೆಟ್ಟಗಿದೆಯಮ್ಮ. ವೈಫೈ ಬಿಟ್ಟು ಟವರ್ ಹಿಡಿದಿದೆ, ಒಂದು ಚೂರೂ ತಪ್ಪಿಲ್ಲ. ಅಮ್ಮನ ಅಂಗಡಿಯ ಹೊಲಿಗೆ ಯಂತ್ರದ ಸದ್ದು ಕೂಡ ನಿಲ್ಲದೆ ಬಂದಿದೆ. ಇದನ್ನ ನೀನೇ ಒಂದ್ಸಲ ಕೇಳು. ನಾನು ಟೀ ಕುಡ್ದು ಬರ್ತೀನಿ."

ರೆಕಾರ್ಡನ್ನು ಅವಳ ಫೋನಿಗೆ ಕಳಿಸಿ, ನಿಜವಾಗಿಯೂ ಟೀ ಕುಡಿಯಲು ಎದ್ದು ಹೋದರು. ಇಷ್ಟು ವರ್ಷ ಅವರ ಕಿವಿಯನ್ನು ಹೊಗಳಿದವರಿದ್ದಾರೆ, ಅದನ್ನು ಯಾವಾಗ ಮುಚ್ಚಿಕೊಳ್ಳಬೇಕೆಂಬುದೂ ಅವರಿಗೆ ಗೊತ್ತು ಎಂದು ಯಾರೂ ಹೇಳಿರಲಿಲ್ಲ.

ಎಣಿಕೆಯಕ್ಕ ಸರಕಿನ ಪೆಟ್ಟಿಗೆಯೊಂದರ ಮೇಲೆ ಕೂತು ಕೇಳಿದಳು. ನಲ್ಲಿ ಬಂತು, ಬಲ್ಬು ಬಂತು, ಮದುವೆ ಬಂತು. "ನಾನೇನು ಅನ್ನೋದು. ನಂಗೆ ಅಭ್ಯಂತರ ಇ" ಎಂದಿತು ಅವಳದೇ ಧ್ವನಿ. ಆಮೇಲೆ ಅವಳದೇ ಚಪ್ಪಲಿಯ ಸದ್ದು. ಒಂದು ಹೆಜ್ಜೆ, ಎರಡು, ಮೂರು, ನಾಲ್ಕು. ಆ ಕಡೆಯಿಂದ ಅಮ್ಮನ ಉಸಿರು ಕೂಡ ಕೇಳಿಸುತ್ತಿತ್ತು. ನೆಟ್‌ವರ್ಕು ಏನನ್ನೂ ತಿಂದಿರಲಿಲ್ಲ. ತಿನ್ನಲು ಅಲ್ಲಿ ಏನೂ ಇರಲೇ ಇಲ್ಲ. ಅವಳು "ಇಲ್ಲ" ಎಂದಿರಲೇ ಇಲ್ಲ. ಮಾತನ್ನು ನುಂಗಿದ್ದು ಅವಳೇ.

ನಾಲ್ಕು ಹೆಜ್ಜೆಯ ಮೇಲೆ "ಅಮ್ಮಾ? ಕಟ್ ಆಯ್ತಾ?" ಎಂದು ಕೇಳಿದ್ದೂ ಅವಳೇ. ಕಟ್ಟಾದ ಫೋನಿನಲ್ಲಿ ಯಾರಾದರೂ "ಹೂಂ, ಕಟ್ ಆಯ್ತು" ಎಂದು ಉತ್ತರ ಕೊಡುತ್ತಾರೆಯೇ? ಹನ್ನೆರಡು ವರ್ಷ ಇದೇ ಕೆಲಸ ಮಾಡಿದವಳಿಗೆ ಅದು ಹೊಳೆದಿರಲಿಲ್ಲ. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಮಗಳು ನಾಚಿಕೊಳ್ಳದಿರಲಿ ಎಂದು ತಪ್ಪನ್ನು ನೆಟ್‌ವರ್ಕಿನ ತಲೆಗೆ ಕಟ್ಟಿ, ಲಿಫ್ಟಿನವರಿಗೆ ಆಗಲ್ಲ ಎಂದಿದ್ದಳು.

ಎಣಿಕೆಯಕ್ಕನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ದುಃಖವಾಯಿತು. ಹನ್ನೊಂದು ವರ್ಷದಿಂದ ಅಮ್ಮನನ್ನು ತಾನು ನೋಡಿಕೊಳ್ಳುತ್ತಿದ್ದೇನೆ ಎಂದುಕೊಂಡು ಓಡಾಡಿದ್ದಳು. ಊರಿನ ಫೋನುಗಳಿಗೆಲ್ಲ ಹಳೆಯದನ್ನು ಬಿಡುವುದು ಹೇಗೆಂದು ಕಲಿಸಿದವಳು ಅಮ್ಮನ ಸೆರಗನ್ನು ಮಾತ್ರ ಬಿಟ್ಟಿರಲಿಲ್ಲ. ಅಮ್ಮ ಹೋದರೆ ಮೇಲಿನ ಮನೆಯಲ್ಲಿ ಒಂದೇ ಲೋಟ, ಒಂದೇ ತಟ್ಟೆ, ಕೆಳಗಿನಿಂದ ಹತ್ತಿ ಬರುವವರು ಯಾರೂ ಇಲ್ಲ. ಅದನ್ನು ನೆನೆಸಿಕೊಂಡೇ ಅವಳ ಬಾಯಿ ಬಾಗಿಲಲ್ಲಿ ಮುಚ್ಚಿಹೋಗಿತ್ತು. ಪೆಟ್ಟಿಗೆಯ ಮೇಲೆ ಕೂತು ಅವಳು ಕಣ್ಣೊರೆಸಿಕೊಂಡಳು. ಕಾವಲುಗಾರ ಮರ್ಯಾದೆಯಿಂದ ಬೇರೆ ಕಡೆ ನೋಡಿದ.

ಮಧ್ಯಾಹ್ನ ಅವಳು ಅಂಗಡಿಗೆ ಹೋದಳು. ಹೊರಗೆ ನಿಂತು ಒಳಗಿದ್ದವಳಿಗೆ ಫೋನು ಮಾಡಿಬಿಡೋಣವೆಂದು ಒಂದು ಕ್ಷಣ ಕೈ ಹೋಯಿತು. ಫೋನನ್ನು ಚೀಲಕ್ಕೆ ಹಾಕಿ ಒಳಗೆ ಕಾಲಿಟ್ಟಳು. ಅಮ್ಮ ಒಂದು ಕೋಟಿನ ಜಿಪ್ಪು ಹೊಲಿಯುತ್ತಿದ್ದಳು.

"ಅಮ್ಮ, ಅವತ್ತು ಕಟ್ ಆಗ್ಲಿಲ್ಲ. ನಾನೇ ನಿಲ್ಲಿಸ್ದೆ."

ಹೊಲಿಗೆ ಯಂತ್ರ ನಿಂತಿತು. "ಗೊತ್ತು ಕಣೇ."

"ಗೊತ್ತಿದ್ದೂ ಕಟ್ ಆಯ್ತು ಅಂದ್ಯಲ್ಲ."

"ನೀನು ಕೇಳ್ದೆ, ನಾನು ಹೂಂ ಅಂದೆ. ಇಷ್ಟು ದಿನಕ್ಕೆ ಹೊಳೀತಾ? ನಿನ್ನ ಕೆಲಸಕ್ಕೆ ಇಟ್ಕೊಂಡೋರಿಗೆ ದೊಡ್ಡ ನಮಸ್ಕಾರ."

ಎಣಿಕೆಯಕ್ಕ ನಗಲಿಲ್ಲ. ಅಮ್ಮನ ಮುಖವನ್ನೇ ನೋಡಿದಳು. ಎದುರು ನಿಂತು ಇಷ್ಟು ಹೊತ್ತು ನೋಡಿ ಎಷ್ಟು ಕಾಲವಾಗಿತ್ತೋ. "ಅಭ್ಯಂತರ ಇದೆ ಅಮ್ಮ" ಎಂದಳು. "ನೀನು ಹೇಳಿದ್ದು ಸರಿ. ನೀನು ಹೋದ್ರೆ ಮನೇಲಿ ನಾನೊಬ್ಬಳೇ ಆಗ್ತೀನಿ. ಅದಕ್ಕೆ ಭಯ. ಅಷ್ಟೇ ಇರೋದು. ಲಿಫ್ಟಿನವರ ಮೇಲೆ ಏನೂ ಇಲ್ಲ. ಭಯ ಇದೆ, ಇರುತ್ತೆ. ಆದ್ರೂ ನೀನು ಮದುವೆ ಆಗ್ಬೇಕು."

ಕೊನೆಯ ಅಕ್ಷರದವರೆಗೂ ಬಿಡದೆ ಹೇಳಿದಳು. ಮಾತು ಎಲ್ಲೂ ತುಂಡಾಗಲಿಲ್ಲ.

ಅಮ್ಮ ಸ್ವಲ್ಪ ಹೊತ್ತು ಕೋಟಿನ ಜಿಪ್ಪನ್ನು ಮೇಲಕ್ಕೂ ಕೆಳಕ್ಕೂ ಎಳೆದಳು. "ಇದನ್ನ ಅವತ್ತೇ ಹೇಳಕ್ಕೇನಾಗಿತ್ತು? ಇದೆ ಅಂದಿದ್ರೆ ಕೂತು ಜಗಳ ಆಡ್ತಿದ್ದೆ. ಇಲ್ಲ ಅಂದಿದ್ರೆ ಒಂದು ಹೊಸ ರವಿಕೆ ಹೊಲ್ಕೋತಿದ್ದೆ. ಬರೀ ಇ ಒಂದನ್ನ ಇಟ್ಕೊಂಡು ನಾನೇನು ಮಾಡ್ಲಿ?" ಎಂದಳು. ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿತ್ತು. "ಎರಡು ಬೀದಿ ಕಣೇ, ಸಮುದ್ರ ದಾಟ್ತಿಲ್ಲ ನಾನು. ನಂಗೂ ಭಯ ಇಲ್ವಾ? ಈ ವಯಸ್ಸಲ್ಲಿ ಇನ್ನೊಬ್ಬರ ಮನೇಲಿ ಸ್ವಿಚ್ ಎಲ್ಲಿದೆ ಅಂತ ಹುಡುಕ್ಬೇಕು."

ಇಬ್ಬರೂ ಅತ್ತರು, ಇಬ್ಬರೂ ಮೂಗೊರೆಸಿಕೊಳ್ಳಲು ಒಂದೇ ಚಿಂದಿಗೆ ಕೈಹಾಕಿ ನಕ್ಕರು. ಮಗಳು ಚೀಲದಿಂದ ಫೋನು ತೆಗೆದು ಮುಂದೆ ಹಿಡಿದಳು. "ಈಗ್ಲೇ ಮಾಡು ಅವರಿಗೆ."

"ಬೇಡಪ್ಪ" ಎಂದಳು ಅಮ್ಮ. "ಅವರು ಲಿಫ್ಟ್ ಒಳಗಿರ್ತಾರೆ. ನಾನು ಒಪ್ಪಿಗೆ ಇ ಅನ್ನೋ ಹೊತ್ತಿಗೆ ಬಾಗಿಲು ಮುಚ್ಕೊಂಡ್ರೆ? ನಮ್ಮನೆಗೆ ಅಂಥದ್ದು ಒಂದು ಸಾಕು." ಕೊರಳಿನ ಅಳತೆಪಟ್ಟಿ ತೆಗೆದು ಮೇಜಿನ ಮೇಲಿಟ್ಟು, ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡಳು. ಕನ್ನಡಿಯಲ್ಲಿ ಮಗಳು ನೋಡುತ್ತಿದ್ದಾಳೆಂದು ಗೊತ್ತಾಗಿ, ಹೇರ್‌ಪಿನ್ ಹುಡುಕುವ ನೆಪ ಮಾಡಿದಳು. "ಅಂಗಡಿ ನೋಡ್ಕೋ" ಎಂದು ಬೀದಿಗಿಳಿದು ಹೋದಳು.

ಎಣಿಕೆಯಕ್ಕ ಅಮ್ಮನ ಸ್ಟೂಲಿನ ಮೇಲೆ ಕೂತಳು. ಅಂಗಡಿ ಇಷ್ಟು ದೊಡ್ಡದೆಂದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಗಿರಾಕಿಯೊಬ್ಬರು ಕೈಯಲ್ಲೊಂದು ಪ್ಯಾಂಟು ಹಿಡಿದು ಬಾಗಿಲಲ್ಲಿ ಇಣುಕಿ, "ಅಮ್ಮ ಇದಾರಾ?" ಎಂದು ಕೇಳಿದರು.

ಮಾತು ಗಂಟಲಲ್ಲಿ ಒಂದು ಕ್ಷಣ ನಿಂತಿತು. ಅವಳು ಅದನ್ನು ನುಂಗಲಿಲ್ಲ.

"ಇಲ್ಲ" ಎಂದಳು. "ಮದುವೆ ಮಾತಾಡೋಕೆ ಹೋಗಿದಾರೆ. ಕೊಡಿ, ಎಷ್ಟು ಗಿಡ್ಡ ಮಾಡ್ಬೇಕು?"